ಪರದೆಯ ಹಿಂದಿನ ಒಲೆ

ಆಕೆ ಲಿಂಗಸುಗೂರಿನಲ್ಲಿ ತೀರಿಕೊಂಡ ಸುದ್ದಿ ನನ್ನ ಕಿವಿಗೆ ಬೀಳುವ ಹೊತ್ತಿಗೆ ಆಕೆಯನ್ನು ಮಣ್ಣು ಮಾಡಿ ತಿಂಗಳ ಮೇಲಾಗಿತ್ತು. ಸುದ್ದಿ ತಂದವನು ಮನೆಮನೆಗೆ ಸೀರೆ ಹೊತ್ತು ಮಾರುವ ಮುದುಕ. "ನಿಮ್ಮ ಸಿಂಧನೂರಾಗ ಹಿಂದಕ ಕಬಾಬಿನ ಅಂಗಡಿ ಇತ್ತಲ್ಲವ್ವಾ, ಪರದೆ ಅಂಗಡಿ, ಆಕಿ ಹೋದ್ಲು ನೋಡು" ಎಂದು ಹೇಳುತ್ತಲೇ ಗಂಟು ಬಿಚ್ಚತೊಡಗಿದ. "ಇವತ್ತ ಬ್ಯಾಡಪ್ಪ, ಇನ್ನೊಮ್ಮೆ ಬಾ" ಎಂದು ಅವನನ್ನು ಕಳಿಸಿ ಹಿತ್ತಲಿಗೆ ಹೋಗಿ ಕೂತೆ. ಹೊತ್ತು ಮುಳುಗುವವರೆಗೂ ಅಲ್ಲೇ ಇದ್ದೆ.

ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಇದ್ದಾಗಲೂ ಆ ಹೆಸರು ಊರಿಗೆ ಗೊತ್ತಿರಲಿಲ್ಲ. ಸಿಂಧನೂರಿಗೆ ಗೊತ್ತಿದ್ದದ್ದು ಆಕೆಯ ಬಲಗೈ ಒಂದೇ. ಅಂಗಡಿಯ ಬಾಗಿಲಿಗೆ ಕಂದು ಬಣ್ಣದ ದಪ್ಪ ಪರದೆ ಇಳಿಬಿಟ್ಟಿತ್ತು. ಅದರ ಬದಿಯಿಂದ ತಟ್ಟೆ ಹಿಡಿದ ಕೈ ಹೊರಗೆ ಬರುತ್ತಿತ್ತು, ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ. ತಟ್ಟೆಯನ್ನು ಆಕೆಯ ಗಂಡನ ಚಿಕ್ಕಪ್ಪ, ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ಕುಂಟು ಮುದುಕ, ಇಸಿದುಕೊಂಡು ಬೆಂಚಿನವರ ಮುಂದೆ ಇಡುತ್ತಿದ್ದ. ಕೈ ಮತ್ತೆ ಒಳಗೆ ಹೋಗುತ್ತಿತ್ತು. ಅಂಗಡಿಗೆ ಹಲಗೆ ಇರಲಿಲ್ಲ, ಹೆಸರಿರಲಿಲ್ಲ. ಪರದೆ ಅಂಗಡಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನನಗೆ ಮಾತ್ರ ಆಕೆಯ ಮುಖ ಗೊತ್ತಿತ್ತು. ನಾನು ಹಿತ್ತಲ ಕಡೆಯವಳು.

ನಿಜಾಮನ ಆಳಿಕೆ ಮುಗಿದ ಎರಡನೆಯ ವರ್ಷ ನಾನು ಮುದಗಲ್ಲಿನಿಂದ ಮದುವೆಯಾಗಿ ಸಿಂಧನೂರಿಗೆ ಬಂದೆ. ನಮ್ಮದು ಕಾಳುಕಡಿ ವ್ಯಾಪಾರದ ಮನೆ, ಶಿವಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಮನೆಯ ಮುಂಬಾಗಿಲು ಬಜಾರದ ಓಣಿಗೆ. ಹಿತ್ತಲು ಮಾತ್ರ ಆಕೆಯ ಹಿತ್ತಲಿಗೆ ಬೆನ್ನು ಹಚ್ಚಿಕೊಂಡಿತ್ತು. ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಬಂದ ಮೂರನೆಯ ದಿನ ಬಟ್ಟೆ ಒಣಗಲು ಹಾಕುತ್ತಿದ್ದಾಗ ಗೋಡೆಯಾಚೆಯಿಂದ ಒಂದು ದನಿ ಬಂತು.

"ಹೊಸ ಸೊಸಿ ಏನು? ತಂಗೀ, ಆ ಗಿಡದ ಪಪ್ಪಾಯಿ ಒಂದ್ ಕೊಡ್ತಿ? ಹಣ್ಣಲ್ಲ, ಕಾಯಿ."

ಮೂವತ್ತರ ಹೆಂಗಸು. ಅಗಲವಾದ ಹಣೆ, ಹೊಗೆಗೆ ಕೆಂಪೇರಿದ ಕಣ್ಣು. ಕಾಯಿ ಕಿತ್ತು ಕೊಟ್ಟೆ. ಪಲ್ಯಕ್ಕಿರಬೇಕು ಎಂದುಕೊಂಡಿದ್ದೆ. ಹೀಗೆ ತಿಂಗಳುಗಟ್ಟಲೆ ಕೊಟ್ಟ ಮೇಲೆ ಒಂದು ದಿನ ಅತ್ತೆಗೆ ಗೊತ್ತಾಯಿತು. "ನಮ್ಮ ಗಿಡದ ಕಾಯಿ ಅಲ್ಲಿ ಹೋಗಿ ಏನಾಕೈತಿ ಗೊತ್ತೇನ್ ನಿನಗ? ಅರದು ಮಾಂಸಕ್ಕ ಹಚ್ತಾರ, ಮೆತ್ತಗ ಆಗ್ಲಿ ಅಂತ!" ಎಂದು ಹಣೆ ಬಡಿದುಕೊಂಡರು. ಮೂರು ದಿನ ನನ್ನೊಡನೆ ಮಾತು ಬಿಟ್ಟರು. ನಾಲ್ಕನೆಯ ದಿನ ತಾವೇ ಎರಡು ಕಾಯಿ ಇಳಿಸಿ ಗೋಡೆಯ ಮೇಲಿಟ್ಟು, "ಕೇಳಿದವರಿಗೆ ಇಲ್ಲ ಅನ್ನಾಕ ನನ್ನಿಂದ ಆಗೂದಿಲ್ಲ. ಆದ್ರ ಅದು ಎಲ್ಲಿಗೆ ಹೋಗ್ತೈತಿ ಅಂತ ನನಗ ಹೇಳಬ್ಯಾಡ" ಎಂದರು.

ನಮ್ಮತ್ತೆಗೆ ಆ ಹೊಗೆಯದೇ ದೊಡ್ಡ ಚಿಂತೆ. ಮಧ್ಯಾಹ್ನದ ನಮಾಜು ಮುಗಿಸಿ ಆಕೆ ಇದ್ದಿಲು ಹೊತ್ತಿಸಿದಳೆಂದರೆ ಮಸಾಲೆಯ ಹೊಗೆ ಗೋಡೆ ದಾಟಿ ನೇರ ನಮ್ಮ ದೇವರ ಕೋಣೆಗೆ ಬರುತ್ತಿತ್ತು. ಒಂದು ಶ್ರಾವಣದಲ್ಲಿ ಅತ್ತೆ ನನ್ನ ಕೈಲಿ ಹೇಳಿ ಕಳಿಸಿದರು, ಸೋಮವಾರ ಒಂದು ದಿನ ತಡೆದು ಹೊತ್ತಿಸಲಿ ಎಂದು. ಆಕೆ ತಡೆದು ಹೊತ್ತಿಸಲಿಲ್ಲ, ಆ ದಿನ ಹೊತ್ತಿಸಲೇ ಇಲ್ಲ. ಅಲ್ಲಿಂದ ಮುಂದೆ ಶ್ರಾವಣ ಸೋಮವಾರ ಪರದೆ ಅಂಗಡಿ ಬಂದ್ ಎಂಬುದು ಊರಿನ ರೂಢಿಯಾಯಿತು. ಯಾಕೆಂದು ಗಿರಾಕಿಗಳಿಗೆ ತಿಳಿಯಲಿಲ್ಲ, ಆಕೆಯೂ ಹೇಳಲಿಲ್ಲ.

ಅಂಗಡಿ ಮೊದಲು ಆಕೆಯ ಗಂಡನದು. ಆತ ಬಾಗಿಲ ಮುಂದೆ ಚಪ್ಪರದ ಕೆಳಗೆ ಒಂದು ಒಲೆ ಇಟ್ಟುಕೊಂಡು ಸಣ್ಣದಾಗಿ ನಡೆಸುತ್ತಿದ್ದನಂತೆ. ನಾನು ಅವನನ್ನು ನೋಡಿದವಳಲ್ಲ. ಹಿಂದೂಸ್ತಾನದ ಫೌಜು ನಮ್ಮ ಸೀಮೆಗೆ ಬಂದ ವಾರ ಆತ ಆಡು ಕೊಳ್ಳಲು ಮಸ್ಕಿ ಸಂತೆಗೆ ಹೋದವನು ಮನೆಗೆ ಬರಲಿಲ್ಲ. ಆ ದಿನಗಳ ಮಾತನ್ನು ನಮ್ಮ ಕಡೆ ಈಗಲೂ ದನಿ ತಗ್ಗಿಸಿಯೇ ಆಡುತ್ತಾರೆ. ಮೊದಲು ನಿಜಾಮನ ಕಡೆಯ ರಜಾಕಾರರಿಗೆ ಹೆದರಿ ಮನೆಮಾರು ಬಿಟ್ಟು ಓಡಿದವರಿದ್ದರು. ಆಮೇಲೆ ಆ ಸಿಟ್ಟನ್ನು ಏನೂ ಮಾಡದವರ ಮೇಲೆ ತೀರಿಸಿಕೊಂಡವರೂ ಇದ್ದರು.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಕೂರುವುದು ಅವರಲ್ಲಿ ಪದ್ಧತಿ, ಇದ್ದತ್ ಎನ್ನುತ್ತಾರೆ. ಜಮಾತಿನ ಹಿರಿಯರು ಬಂದು ಕೂರು ಎಂದರಂತೆ. "ಹೆಣಾ ತೋರಿಸ್ರಿ, ಕೂಡ್ತೀನಿ" ಎಂದಳಂತೆ. ಹೆಣ ತೋರಿಸುವವರು ಯಾರೂ ಇರಲಿಲ್ಲ. ನಲವತ್ತು ದಿನ ಕಾದು, ಪರದೆ ಹೊಲಿದು ಬಾಗಿಲಿಗೆ ಹಾಕಿ, ಗಂಡನ ಒಲೆಯನ್ನು ಪರದೆಯ ಒಳಗೆ ಎಳೆದುಕೊಂಡು ಹೊತ್ತಿಸಿದಳು. ಬಳೆ ತೆಗೆಯಲಿಲ್ಲ.

"ಅವರು ಬಂದಾಗ ಒಲಿ ತಣ್ಣಗಿದ್ರ ನಾ ಏನಂತ ಹೇಳ್ಲಿ ತಂಗೀ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ಕೇಳಿದ ರೀತಿ ಹೇಗಿತ್ತೆಂದರೆ ಆತ ಪಕ್ಕದ ಓಣಿಗೆ ಹೋಗಿದ್ದಾನೆ, ಈಗ ಬರುತ್ತಾನೆ ಎಂಬಂತೆ.

ಆಕೆ ಗಿರಾಕಿಗಳನ್ನು ದನಿಯಿಂದ ಗುರುತಿಸುತ್ತಿದ್ದಳು. ಯಾರಿಗೆ ಖಾರ ಬೇಕು, ಯಾರಿಗೆ ಹಲ್ಲಿಲ್ಲ, ಎಲ್ಲ ಕಿವಿಯ ಲೆಕ್ಕ. ಒಬ್ಬ ಕೆಮ್ಮಿದರೆ ಅವನ ಸೀಖನ್ನು, ಮಾಂಸ ಮೆತ್ತಿದ ಕಬ್ಬಿಣದ ಕಡ್ಡಿಯನ್ನು, ಉರಿಯಿಂದ ಬೇಗ ತೆಗೆದು, ಮೇಲೆ ನಿಂಬೆ ಹಿಂಡಿ ಕಳಿಸುತ್ತಿದ್ದಳು. ಗುರುತಿಲ್ಲದ ಗಂಡುದನಿ ಏನಾದರೂ ಪರದೆಯ ಆಚೆ ಕೇಳಿಸಿದರೆ ಬೀಸಣಿಗೆ ಆಡಿಸುವ ಕೈ ತಟ್ಟನೆ ನಿಂತುಬಿಡುತ್ತಿತ್ತು. ಆ ಮನುಷ್ಯ ಇನ್ನೊಂದು ಮಾತಾಡುವವರೆಗೆ ಉಸಿರು ಕೂಡ ಬಿಡುತ್ತಿರಲಿಲ್ಲ. ಆಮೇಲೆ ಬೀಸಣಿಗೆ ಮತ್ತೆ ಆಡತೊಡಗುತ್ತಿತ್ತು. ನಾನು ಗೋಡೆಯ ಈಚೆ ನಿಂತು, ಆಕೆಯ ತೆರೆದ ಹಿತ್ತಲ ಬಾಗಿಲೊಳಗೆ ಇದನ್ನು ಎಷ್ಟು ಸಲ ನೋಡಿದ್ದೇನೋ.

ಅಷ್ಟರಲ್ಲಿ ತುಂಗಭದ್ರೆಯ ಕಾಲುವೆಯ ಕೆಲಸ ನಮ್ಮ ಕಡೆ ಬಂತು. ಊರಿನ ತುಂಬ ಇಂಜಿನಿಯರರು, ಲಾರಿಯವರು, ಆಂಧ್ರದ ಕಡೆಯ ಗುತ್ತಿಗೆದಾರರು. ಬಿಸಿಲಲ್ಲಿ ದುಡಿದು ಬಂದವರಿಗೆ ಪರದೆ ಅಂಗಡಿಯ ಎರಡು ಸೀಖು ಕಬಾಬು, ಒಂದು ರೊಟ್ಟಿ, ಹಸಿ ಉಳ್ಳಾಗಡ್ಡಿ ಸಿಕ್ಕರೆ ಜೀವ ಬಂದಂತೆ. ಎರಡಿದ್ದ ಬೆಂಚು ಆರಾದವು. ಲಿಂಗಸುಗೂರಿನ ಬಸ್ಸಿನ ಡ್ರೈವರು ಓಣಿಯ ಬಾಯಲ್ಲಿ ಬಸ್ಸು ನಿಲ್ಲಿಸಿ ತಿಂದೇ ಹೋಗುತ್ತಿದ್ದ. ಒಳಗೆ ಕೂತವರು ಬಯ್ಯುತ್ತಿದ್ದರು, ಆಮೇಲೆ ಅವರೂ ಇಳಿದು ಬರುತ್ತಿದ್ದರು. ಕಾಲುವೆಗೆ ನೀರು ಬಿಟ್ಟ ವರ್ಷ ಆಕೆಯ ತಂಗಿಯ ಗಂಡ ಲಿಂಗಸುಗೂರಿನಲ್ಲಿ ಎರಡನೆಯ ಅಂಗಡಿ ಹಾಕಿದ. ಅಲ್ಲಿಗೂ ಮಸಾಲೆ ಇಲ್ಲಿಂದಲೇ. ಆಕೆ ತಾನೇ ಹುರಿದು ಕುಟ್ಟಿ ಡಬ್ಬಿಯಲ್ಲಿ ತುಂಬಿ ವಾರಕ್ಕೊಮ್ಮೆ ಬಸ್ಸಿಗೆ ಹಾಕಿಸುತ್ತಿದ್ದಳು. ಅದರಲ್ಲಿ ಏನೇನು ಬೀಳುತ್ತಿತ್ತೆಂದು ತಂಗಿಗೂ ಹೇಳಿದವಳಲ್ಲ. ಅದು ಗಂಡ ಕಲಿಸಿದ್ದು.

ಮೂರನೆಯದು ಮಸ್ಕಿಯಲ್ಲಿ ಆಗಬೇಕು ಎಂದು ಆಕೆಗೆ ಹೊಳೆಯಿತು. ಅದಕ್ಕೆ ಕಾರಣ ವ್ಯಾಪಾರವಲ್ಲ. ಗೋಡೆಯ ಹತ್ತಿರ ಬಂದು ಹೇಳಿದಳು: "ಅವರು ಹೋಗಿದ್ದು ಮಸ್ಕಿಗೆ. ತಿರುಗಿ ಬಂದ್ರ ಆ ದಾರೀಲೇ ಬರಬೇಕಲ್ಲ? ಮಸಾಲಿ ವಾಸನಿ ಬಡದ್ರ ತಾವಾಗೇ ಬರ್ತಾರ. ನಿಮ್ಮನಿಯವರಿಗೆ ಮಸ್ಕ್ಯಾಗ ಮಂದಿ ಗುರುತು ಐತಿ. ಬಸ್ ನಿಲ್ಲೋ ಜಾಗಾದಾಗ ಒಂದು ಖೋಲಿ ನೋಡ್ಲಿ ಅಂತ ಹೇಳು ತಂಗೀ."

ಆ ಸಂಜೆ ಊಟಕ್ಕೆ ಕೂತ ಯಜಮಾನರಿಗೆ ಹೇಳಿದೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಮಸ್ಕ್ಯಾಗ ಬ್ಯಾಡ ಅನ್ನು."

"ಯಾಕ್ರಿ?"

"ಬ್ಯಾಡ ಅಂದ್ರ ಬ್ಯಾಡ" ಎಂದು ಕೈತೊಳೆದು ಎದ್ದರು. ಅನ್ನ ಹಾಗೇ ಉಳಿಯಿತು. ನನ್ನ ಯಜಮಾನರು ಜಗಳಗಂಟರಲ್ಲ, ಎತ್ತಿಗೆ ಕೂಡ ಗದರಿದವರಲ್ಲ. ಮರುದಿನ ಮುಂಜಾನೆ ನಾನು ದನದ ಕೊಟ್ಟಿಗೆ ಗುಡಿಸುತ್ತಿದ್ದಾಗ ಬಂದು ಕಂಬಕ್ಕೆ ಒರಗಿ ನಿಂತರು. ನನ್ನ ಮುಖ ನೋಡದೆ ಹೇಳತೊಡಗಿದರು.

"ಆವತ್ತ ನಾನೂ ಮಸ್ಕಿ ಸಂತಿಗೆ ಹೋಗಿದ್ದೆ. ಕಾಳು ಮಾರಿ ತಿರುಗಿ ಬರಾಕತ್ತಿದ್ದೆ, ಬಂಡ್ಯಾಗ ಬರೇ ಖಾಲಿ ಚೀಲ. ಹಳ್ಳ ದಾಟಿದ ಮ್ಯಾಲ ಜಾಲಿ ಕಂಟಿ ಒಳಗಿಂದ ಆಕಿ ಗಂಡ ಓಡಿ ಬಂದ. ಕಾಲಾಗ ಚಪ್ಪಲ್ ಇರಲಿಲ್ಲ. 'ತಮ್ಮಾ, ಚೀಲದ ಕೆಳಗ ಮಲಕೋತೀನಿ, ಸಿಂಧನೂರು ಮುಟ್ಟಸು' ಅಂದ. ಹಿಂದ ಮಂದಿ ಒದರೂದು ಕೇಳಸ್ತಿತ್ತು."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಎತ್ತಿಗೆ ಬಾರಕೋಲು ಬೀಸಿದೆ. ಬಂಡಿ ಹಿಡಕೊಂಡು ಸ್ವಲ್ಪ ದೂರ ಓಡಿದ. ಆಮ್ಯಾಲ ಕೈ ಬಿಟ್ಟ." "ಎರಡು ದಿನ ಬಿಟ್ಟು ಅಲ್ಲೇ ಹೊಲದ ಬಾವ್ಯಾಗ ಹೆಣ ಸಿಕ್ಕಾವ ಅಂದ್ರು. ನಮ್ಮ ಹಮಾಲ ಒಬ್ಬಾಂವ ನೋಡಿ ಬಂದು 'ಕಬಾಬಿನಾಂವ ಅದಾನ್ರಿ ಅದರಾಗ' ಅಂದ. ಬಾವಿ ಹಂಗ ಮುಚ್ಚಿದ್ರು. ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ನಮ್ಮವ್ವಗೂ ಗೊತ್ತಿಲ್ಲ."

ಅವರು ಆಗ ಇಪ್ಪತ್ತರ ಹುಡುಗ. ಆ ಮಂದಿಯ ಕೈಗೆ ಸಿಕ್ಕಿದ್ದರೆ ಇವರನ್ನೂ ಬಿಡುತ್ತಿರಲಿಲ್ಲವೇನೋ. ಅದನ್ನೆಲ್ಲ ನಾನು ಆಮೇಲೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಆ ಮುಂಜಾನೆ ಮಾತ್ರ ಅವರಿಗೆ ಬೆನ್ನು ಮಾಡಿ ಉಳಿದ ಕೊಟ್ಟಿಗೆ ಗುಡಿಸಿದೆ.

ಒಂದು ತಿಂಗಳು ನಾನು ಹಿತ್ತಲಿಗೆ ಹೋಗುವುದನ್ನೇ ತಪ್ಪಿಸಿದೆ. ಆದರೆ ಹೊಗೆ ಬರುತ್ತಿತ್ತು. ಬೀಸಣಿಗೆಯ ಸದ್ದು ನಿಂತಾಗಲೆಲ್ಲ ನನಗೆ ತಿಳಿದುಬಿಡುತ್ತಿತ್ತು, ಯಾರೋ ಹೊಸಬರು ಬಂದಿದ್ದಾರೆ, ಆಕೆ ಕಿವಿ ಕೊಟ್ಟಿದ್ದಾಳೆ. ಸತ್ತವನ ದನಿಗಾಗಿ ಕಾಯುತ್ತಿದ್ದಾಳೆ, ಮತ್ತು ಅದು ಗೊತ್ತಿರುವವಳು ಗೋಡೆಯ ಈಚೆ ಬೇಳೆ ಆರಿಸುತ್ತಿದ್ದಾಳೆ. ಕೊನೆಗೆ ಒಂದು ಮುಂಜಾನೆ ತಡೆಯಲಾರದೆ ಹೋದೆ. ಆಕೆ ಬೂದಿ ಹಚ್ಚಿ ಸೀಖು ತಿಕ್ಕುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಕೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಸೀಖು ಮುಗಿಸಿ, ತೊಳೆದು, ಗೋಡೆಗೆ ಒರಗಿಸಿ, ಆಮೇಲೆ ನನ್ನತ್ತ ನೋಡಿದಳು.

"ನೀ ಹೇಳಿದ್ರ ಆಗೂದಿಲ್ಲ ತಂಗೀ. ನಿಮ್ಮನಿಯವರ ಬಾಯಿಲೆ ಕೇಳಬೇಕು ನಾನು."

ಆಕೆಯ ಮಾತನ್ನು ಆ ರಾತ್ರಿ ಯಜಮಾನರಿಗೆ ಮುಟ್ಟಿಸಿದೆ. ಮರುದಿನ ಮಧ್ಯಾಹ್ನ, ಅಂಗಡಿ ತೆರೆಯುವ ಮೊದಲು, ಅವರು ಆ ಓಣಿಗೆ ಹೋದರು. ನಾನು ಹಿತ್ತಲಿನಿಂದ ಗೋಡೆ ಕುಸಿದ ಕಡೆ ದಾಟಿ ಒಳಗೆ ಹೋಗಿ ಆಕೆಯ ಪಕ್ಕ ಪರದೆಯ ಹಿಂದೆ ನಿಂತೆ. ಒಲೆಯಲ್ಲಿ ಇನ್ನೂ ಬೆಂಕಿ ಇರಲಿಲ್ಲ. ಬೋಗುಣಿಯಲ್ಲಿ ಕುಟ್ಟಿದ ಮಾಂಸ ನೆನೆಯುತ್ತಿತ್ತು. ಹೊರಗಿನ ಬಿಸಿಲಿಗೆ ಪರದೆಯ ಮೇಲೆ ಯಜಮಾನರು ಬರೀ ನೆರಳಾಗಿ ಕಂಡರು, ಬೆಂಚಿನ ತುದಿಯಲ್ಲಿ ಕೂತ ನೆರಳು. ಚಾಚಾ ನೆಲದ ಮೇಲೆ ಕೂತಿದ್ದ. ನನಗೆ ಹೇಳಿದ ಮಾತುಗಳನ್ನೇ ಅವರು ಮತ್ತೆ ಹೇಳಿದರು. ಏನನ್ನೂ ಬಿಡಲಿಲ್ಲ, ಬಾರಕೋಲನ್ನೂ ಬಿಡಲಿಲ್ಲ.

ಆಕೆ ಏಳು ವರ್ಷದಲ್ಲಿ ಮೊದಲ ಸಲ ಪರದೆಯ ಆಚೆಯ ಪರಗಂಡಸಿನೊಡನೆ ಮಾತಾಡಿದಳು.

"ಕಾಲಾಗ ಚಪ್ಪಲ್ ಇರಲಿಲ್ಲಂದ್ರಿ?"

"ಇರಲಿಲ್ರೀ ಅಕ್ಕಾರ."

"ನೀರು ಕೇಳಿದ್ರೇನು?"

"ಇಲ್ರಿ. ಜಾಗಾ ಕೇಳಿದ್ರು."

"ತಮ್ಮಾ ಅಂತ ಕರದ್ರಾ?"

ಯಜಮಾನರ ನೆರಳು ತಲೆ ತಗ್ಗಿಸಿತು. "ಹೌದ್ರಿ" ಎಂದರು.

"ನಿಮ್ಮನ್ನ ಯಾವಾಗ್ಲೂ ಹಂಗ ಕರೀತಿದ್ರು" ಎಂದಳು ಆಕೆ. ಅಷ್ಟೆ. ಆಕೆಯ ಮುಖ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಕಣ್ಣಲ್ಲಿ ನೀರಿರಲಿಲ್ಲ. ದೂರದ ದಾರಿ ನಡೆದು ಬಂದವರು ಗಂಟು ಇಳಿಸಿ ನಿಂತಾಗ ಮುಖ ಇರುತ್ತದಲ್ಲ, ಹಾಗಿತ್ತು. ಚಾಚಾಗೆ ಉರ್ದುವಿನಲ್ಲಿ ಏನೋ ಹೇಳಿದಳು. ಚಾಚಾ ಎದ್ದು ಹೋಗಿ ಚಹಾ ತಂದು ಯಜಮಾನರ ಮುಂದಿಟ್ಟ. ಅವರು ಅಳುತ್ತಲೇ ಕುಡಿದರು. ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಆ ದಿನವೂ ಆಕೆ ಒಲೆ ಹೊತ್ತಿಸಿದಳು. "ಮಂದಿ ಬರ್ತಾರ, ಕಲಸಿದ್ದು ಕೆಡಬಾರದು" ಎಂದಳು. ಬಸ್ಸು ನಿಂತಿತು, ಬೆಂಚುಗಳು ತುಂಬಿದವು, ಕೈ ಪರದೆಯ ಬದಿಯಿಂದ ಬಂದು ಹೋಯಿತು. ಹೊಸ ದನಿಗಳೂ ಬಂದವು. ಬೀಸಣಿಗೆ ಒಮ್ಮೆಯೂ ನಿಲ್ಲಲಿಲ್ಲ. ಕತ್ತಲಾಗುವ ಮೊದಲೇ ಎಲ್ಲ ಮುಗಿಸಿ ಒಲೆಗೆ ನೀರು ಸುರಿದಳು. ಹಿತ್ತಲ ಕಟ್ಟೆಯ ಮೇಲೆ ಕೂತು ಬಳೆಗಳನ್ನು ಒಂದೊಂದಾಗಿ ಕಲ್ಲಿಗೆ ತಾಗಿಸಿ ಒಡೆದಳು. ಮರುದಿನದಿಂದ ಏಳು ವರ್ಷ ತಡವಾದ ತನ್ನ ಇದ್ದತ್‌ಗೆ ಕೂತಳು.

ಪರದೆ ಅಂಗಡಿ ಮುಚ್ಚಿತು. ಊರಿಗೆ ಕಾರಣ ಸಿಗಲಿಲ್ಲ. ಚಾಚಾನಿಗೂ ಆಕೆಗೂ ಜಗಳವಂತೆ ಎಂದರು ಕೆಲವರು. ಕಾಲುವೆಯವರು ಹೋದ ಮೇಲೆ ಗಿರಾಕಿ ಇಲ್ಲದಾಯಿತು ಎಂದರು ಇನ್ನು ಕೆಲವರು, ಅದು ಶುದ್ಧ ಸುಳ್ಳು. ಬಸ್ಸಿನ ಡ್ರೈವರು ಒಂದು ವಾರ ದಿನವೂ ಬಂದು ಮುಚ್ಚಿದ ಬಾಗಿಲು ನೋಡಿ ಹೋದ. ಒಮ್ಮೆ ನಮ್ಮ ಮನೆಯ ಮುಂದೆ ನಿಂತು, "ಏನಾಯ್ತವ್ವಾ? ಹುಷಾರಿಲ್ಲೇನು ಆ ತಾಯಿಗೆ?" ಎಂದು ಕೇಳಿದ. "ಗೊತ್ತಿಲ್ಲಪ್ಪ" ಎಂದೆ. ಲಿಂಗಸುಗೂರಿನ ಅಂಗಡಿಗೆ ಮಸಾಲೆ ಡಬ್ಬಿ ಹೋಗುವುದು ನಿಂತಿತು. ತಂಗಿಯ ಗಂಡ ತನಗೆ ತಿಳಿದಂತೆ ಮಾಡಿ ನೋಡಿದ. ಜನ ತಿಂದರು, ಮುಖ ಮುಖ ನೋಡಿಕೊಂಡರು, ಬರುವುದು ಬಿಟ್ಟರು. ಬೇಸಿಗೆ ಬರುವುದರೊಳಗೆ ಅದಕ್ಕೂ ಬೀಗ ಬಿತ್ತು. ಮಸ್ಕಿಯದು ಹುಟ್ಟಲೇ ಇಲ್ಲ.

ನಮ್ಮತ್ತೆ ಮಾತ್ರ ವಿಚಿತ್ರವಾಗಿ ನಡೆದುಕೊಂಡರು. ಹೊಗೆ ನಿಂತು ತಿಂಗಳುಗಳಾದರೂ ಮಧ್ಯಾಹ್ನವಾದರೆ ಎದ್ದು ದೇವರ ಕೋಣೆಯ ಕಿಟಕಿ ಮುಚ್ಚುತ್ತಿದ್ದರು. "ಹೊಗಿ ಇಲ್ಲಲ್ರೀ ಅತ್ತೀ" ಎಂದರೆ, "ಬರಾಕತ್ತೈತಿ, ನಿನಗ ಮೂಗಿಲ್ಲ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಕೆಲವು ದಿನ ನನಗೂ ಬರುತ್ತಿತ್ತು.

ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಆಕೆ ಮನೆ ಮಾರಿ ಚಾಚಾನನ್ನು ಕರೆದುಕೊಂಡು ಲಿಂಗಸುಗೂರಿಗೆ, ತಂಗಿಯ ಮನೆಗೆ ಹೋದಳು. ಹೋಗುವ ದಿನ ಗೋಡೆಯ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ನನಗೆ ಆಗ ಆರು ತಿಂಗಳು ತುಂಬಿತ್ತು. "ಭಾರ ಎತ್ತಬ್ಯಾಡ" ಎಂದಳು. ಆ ಮನೆಯನ್ನು ಕೊಂಡ ಭತ್ತದ ವ್ಯಾಪಾರಿ ಮಣ್ಣಿನ ಗೋಡೆ ಕೆಡವಿಸಿ ಕಲ್ಲಿನದು ಕಟ್ಟಿಸಿದ, ಆಳೆತ್ತರ.

ಕೂಸು ಹುಟ್ಟಿ ಐದಾರು ತಿಂಗಳಾದ ಮೇಲೆ, ಸೀಮೆಯೆಲ್ಲ ಮೈಸೂರಿಗೆ ಸೇರುತ್ತದಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದ ದಿನಗಳಲ್ಲಿ, ತವರಿಗೆ ಹೋಗುವ ನೆಪ ಮಾಡಿ ಲಿಂಗಸುಗೂರಿನಲ್ಲಿ ಇಳಿದೆ. ಯಜಮಾನರಿಗೆ ಗೊತ್ತಿತ್ತು. ಅವರೇ ಬಸ್ಸು ಹತ್ತಿಸುವಾಗ, "ಅವರು ಏನಂತಾರ ಕೇಳ್ಕೊಂಡು ಬಾ" ಎಂದಿದ್ದರು. ಆಕೆ ತಂಗಿಯ ಮನೆಯ ನಡುಮನೆಯಲ್ಲಿ ಕೂತು ತೊಗರಿ ಆರಿಸುತ್ತಿದ್ದಳು. ಸೊರಗಿದ್ದಳು. ಕೆಂಪು ಹೋಗಿ ಕಣ್ಣುಗಳು ಬೆಳ್ಳಗಾಗಿದ್ದವು, ಅದೇ ಯಾಕೋ ನನಗೆ ನೋಡಲಾಗಲಿಲ್ಲ. ಕೂಸನ್ನು ಎತ್ತಿಕೊಂಡಳು, ಆಡಿಸಿದಳು. ಅಡುಗೆ ಮಾಡ್ತೀರೇನು ಎಂದು ಕೇಳಿದೆ. "ಇಲ್ಲ, ತಂಗಿ ಮಾಡ್ತಾಳ. ನನಗ ಬೆಂಕಿ ಮುಂದ ಕೂಡಾಕ ಆಗೂದಿಲ್ಲ" ಎಂದಳು.

ಎದ್ದು ಹೊರಡುವಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಆಪಾ, ನಾ ಹೇಳಬಾರದಿತ್ತೇನು?"

ಆಕೆ ಮೊರದಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಬದಿಗಿಟ್ಟಳು.

"ನೀ ಹೇಳಿದ್ದು ಖರೇ ಐತಿ. ಖರೇ ಹೇಳಿದಾಕಿಗೆ ನಾ ಏನನ್ಲಿ?" ಬೆರಳಿನಿಂದ ಕಾಳು ಸರಿಸುತ್ತ ಅಂದಳು: "ಆದ್ರ ತಂಗೀ, ಆ ಏಳು ವರ್ಷ ನನಗ ಗಂಡ ಇದ್ದ."

ಬಸ್ಸಿನಲ್ಲಿ ಕೂಸು ದಾರಿಯುದ್ದಕ್ಕೂ ಅತ್ತಿತು. ಮುದಗಲ್ಲಿನಲ್ಲಿ ಎರಡು ದಿನ ಇದ್ದು ಸಿಂಧನೂರಿಗೆ ಮರಳಿದೆ. ಯಜಮಾನರು ಬಸ್ಸು ನಿಲ್ಲುವ ಕಡೆ ಬಂದು ನಿಂತಿದ್ದರು. ಕೂಸನ್ನು ಇಸಿದುಕೊಂಡು ನನ್ನ ಮುಂದೆ ಮುಂದೆ ನಡೆದರು. ಬಜಾರ ದಾಟಿದರೂ ಕೇಳಲಿಲ್ಲ. ಮನೆಯ ಬಾಗಿಲಲ್ಲಿ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಏನಂದ್ರು?"

"ಚೊಲೊ ಅದಾರ" ಎಂದೆ. "ನೀವು ಬಂದು ಹೇಳಿದ್ದು ಚೊಲೊ ಆಯ್ತು ಅಂದ್ರು."

ಅವರು ಆ ಮಾತನ್ನು ನಂಬಿದರು. ಆಮೇಲೆ ಬಾಳಿದಷ್ಟು ಕಾಲವೂ ಅದನ್ನು ನಂಬಿಯೇ ಬಾಳಿದರು.